ಫೋಟೋ ಇಲ್ಲದ ಮೊಳೆ

ತ್ರಿವೇಣಿ ‘ಗೊತ್ತಿಲ್ಲ’ ಎನ್ನುವುದನ್ನು ಒಮ್ಮೆಯಾದರೂ ಕೇಳಬೇಕು. ನಾವೆಲ್ಲ ಆ ಮಾತನ್ನು ನಾಲಗೆಯ ತುದಿಗೆ ತರುವಷ್ಟರಲ್ಲಿ ಮುಖ ಸಣ್ಣದಾಗುತ್ತದೆ, ಹೆಗಲು ಕುಗ್ಗುತ್ತದೆ, ಹಿಂದೆಯೇ ಒಂದು ಸಮಜಾಯಿಷಿ ಓಡಿಬರುತ್ತದೆ. ಅವಳು ಮಾತ್ರ ಊಟಕ್ಕೆ ಕೂತವರ ಎಲೆಗೆ ಉಪ್ಪು ಬಡಿಸಿದಷ್ಟು ಸಹಜವಾಗಿ, ಎದುರಿನವರ ಕಣ್ಣನ್ನೇ ನೋಡುತ್ತ, ‘ಗೊತ್ತಿಲ್ಲ’ ಎಂದುಬಿಡುತ್ತಾಳೆ. ಆಮೇಲೆ ಸುಮ್ಮನಿರುತ್ತಾಳೆ. ಆ ಮೌನದಲ್ಲಿ ನಾಚಿಕೆಯ ಲವಲೇಶವೂ ಇಲ್ಲದ್ದನ್ನು ಕಂಡು ನನಗೆ ಮೊದಲು ಸೋಜಿಗವಾಯಿತು, ಆಮೇಲೆ ಸಿಟ್ಟು ಬಂತು, ಈಗ ಉಳಿದಿರುವುದು ಹೊಟ್ಟೆಕಿಚ್ಚು. ಇದನ್ನು ಇನ್ನಷ್ಟು ಸೌಮ್ಯವಾದ ಹೆಸರಿನಿಂದ ಕರೆಯಲು ಯತ್ನಿಸಿದ್ದೇನೆ. ಯಾವ ಹೆಸರೂ ಒಗ್ಗಲಿಲ್ಲ.

ನಮ್ಮಿಬ್ಬರ ಮೇಜುಗಳು ಬಂಗಾರಪೇಟೆಯ ಸ್ಟೇಷನ್ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅಕ್ಕಪಕ್ಕ ಇದ್ದವು. ಕಂಪನಿಗಳು ಎಷ್ಟು ಡೀಸೆಲ್ ಸುಟ್ಟವು, ಎಷ್ಟು ಕರೆಂಟು ಬಳಸಿದವು, ಭೂಮಿಯನ್ನು ಬಿಸಿಮಾಡುವ ಅನಿಲ ಅವುಗಳಿಂದ ಎಷ್ಟು ಹೊರಬಿತ್ತು ಎಂಬುದನ್ನು ಅವರವರೇ ಬರೆದು ಕಳಿಸುತ್ತಾರೆ. ಅವರು ಬರೆಯದೆ ಬಿಟ್ಟದ್ದು ಎಲ್ಲೆಲ್ಲಿ ಎಂದು ಹುಡುಕಿ, ಕೇಳಿ, ಆ ತೆರವುಗಳನ್ನು ತುಂಬಿಸುವುದು ನಮ್ಮ ಪಾಲಿನ ಕೆಲಸ. ನನ್ನ ಅತ್ತೆ ಹಸು ಕರೆದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮನೆಗೆ ಬಂದವರಿಗೆ ಇದನ್ನೇ ಇನ್ನೂ ಸರಳವಾಗಿ ಹೇಳುತ್ತಾರೆ: “ನಮ್ ಸೊಸೆ ಕಂಪ್ನಿಯೋರು ಎಷ್ಟು ಒಗೆ ಬಿಟ್ರು ಅಂತ ಕುಂತಲ್ಲೇ ಎಣಿಸ್ತಾಳೆ. ನಮ್ಮನೆ ಒಲೆ ಒಗೆ ಮಾತ್ರ ಅವ್ಳ ಕಣ್ಣಿಗೆ ಬೀಳಲ್ಲ.”

ನಾನು ಬೆಂಗಳೂರಿನಲ್ಲಿ ಓದಿದವಳು. ಪರೀಕ್ಷೆಯಲ್ಲಿ ಉತ್ತರ ಬಾರದಿದ್ದರೂ ಜಾಗ ಖಾಲಿ ಬಿಡಬಾರದು, ಏನಾದರೂ ಗೀಚಿದರೆ ಅರ್ಧ ಅಂಕವಾದರೂ ಸಿಗುತ್ತದೆ ಎಂದು ನಮ್ಮ ಟೀಚರು ವರ್ಷವೂ ಹೇಳಿಕೊಡುತ್ತಿದ್ದರು. ಆ ಪಾಠವನ್ನು ನಾನು ಉಳಿದೆಲ್ಲ ಪಾಠಗಳಿಗಿಂತ ಚೆನ್ನಾಗಿ ಕಲಿತೆ. ಖಾಲಿ ಜಾಗ ಕಂಡರೆ ಇವತ್ತಿಗೂ ನನ್ನ ಕೈ ಪೆನ್ನು ಹುಡುಕುತ್ತದೆ. ಮೂರು ವರ್ಷದ ನನ್ನ ಮಗಳು ಲಿಖಿತಾಳಿಗೆ ಉಬ್ಬಸದ ಕಾಟ. ಡಾಕ್ಟರು ‘ಹೋದ ತಿಂಗಳು ಎಷ್ಟು ಸಲ ಬಂತಮ್ಮಾ’ ಎಂದು ಕೇಳಿದರೆ ಅವರ ಮಾತು ಮುಗಿಯುವ ಮೊದಲೇ ನನ್ನ ಬಾಯಿಂದ ಒಂದು ಸಂಖ್ಯೆ ಬಿದ್ದಿರುತ್ತದೆ. ಮಗುವಿನ ಉಸಿರನ್ನು ಎಣಿಸದ ತಾಯಿ ಎನಿಸಿಕೊಳ್ಳುವುದಕ್ಕಿಂತ, ಎಣಿಸಿದಂತೆ ಕಾಣುವುದು ಮೇಲು ಎಂಬ ಭಯ ಅದು.

ತ್ರಿವೇಣಿ ಓದಿದ್ದು ಕೆ.ಜಿ.ಎಫ್‌ನಲ್ಲೇ, ಬಿ.ಎಸ್ಸಿ. ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸ್‌ನ ಗಣಿ ಲೈನುಗಳಲ್ಲಿ, ಗೋಡೆಗೆ ಗೋಡೆ ಅಂಟಿದ ಆ ಸಣ್ಣ ಮನೆಗಳ ಸಾಲಿನಲ್ಲಿ. ವಯಸ್ಸಿನಲ್ಲಿ ನನಗಿಂತ ಆರು ತಿಂಗಳು ದೊಡ್ಡವಳಾದರೂ ನನ್ನನ್ನು ‘ಅಕ್ಕಾ’ ಎಂದೇ ಕರೆಯುತ್ತಾಳೆ. ಯಾಕೆಂದು ಕೇಳಿದ್ದಕ್ಕೆ “ನೀವು ಮಗು ಎತ್ತ ತಾಯಿ, ಅದಕ್ಕೆ” ಎಂದಳು. ಅವಳ ನಡಿಗೆ ವಿಚಿತ್ರ: ಮೊದಲು ಹಿಮ್ಮಡಿ ಊರಿ, ನೆಲ ತಾಳುತ್ತದೋ ಇಲ್ಲವೋ ಎಂದು ಒಂದು ಕ್ಷಣ ಕೇಳಿ, ಆಮೇಲೆ ಪಾದ ಇಡುತ್ತಾಳೆ. ಕಾಲಡಿ ಮೈಲಿಗಟ್ಟಲೆ ಸುರಂಗ ಕೊರೆದಿರುವ ಊರಿನವರು, ನೆಲದೊಳಗೆ ಬಂಡೆ ಸಿಡಿದು ಮನೆಯ ಪಾತ್ರೆ ಕುಲುಕಿದಾಗ ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟುಕೊಂಡು ಮಾತು ಮುಂದುವರಿಸಿದವರು. ಕೆಳಗೆ ಪೊಳ್ಳಿದೆ ಎಂಬ ತಿಳಿವಳಿಕೆ ಅವರಿಗೆ ಭಯವಲ್ಲ, ವಿಳಾಸ. ಅವಳು ನಮ್ಮ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದರೆ ಸಾಕು, ಕೆಳಗಿನ ಅಂಗಡಿಯವರಿಗೆ ಗಂಟೆ ನೋಡುವ ಅಗತ್ಯವಿರಲಿಲ್ಲ.

ಇನ್ನು ಅವಳ ಕೋಟು. ಬೂದು ಬಣ್ಣದ, ಗಂಡಸರ ಉಣ್ಣೆಯ ಕೋಟು. ರಾಬರ್ಟ್‌ಸನ್‌ಪೇಟೆಯ ಯಾವನೋ ಟೈಲರು ಅವಳ ಅಪ್ಪನ ಮದುವೆಗೆಂದು ಹೊಲಿದದ್ದು. ತೋಳನ್ನು ಎರಡು ಸುತ್ತು ಮಡಚಿ, ಚೂಡಿದಾರದ ಮೇಲೆ ಅದನ್ನು ತೊಟ್ಟು, ಜೇಬಿನ ತುಂಬ ಹುರಿಗಡಲೆ ತುಂಬಿಕೊಂಡು, ಏ.ಸಿ.ಯ ಕೆಳಗೆ ಮಹಾರಾಣಿಯಂತೆ ಕೂರುತ್ತಿದ್ದಳು. ಆ ಕೋಟಿನಲ್ಲಿ ತಾನು ಚೆನ್ನಾಗಿ ಕಾಣುತ್ತೇನೆಂಬುದು ಅವಳಿಗೆ ಗೊತ್ತಿತ್ತು. ಆರಿದ ಕಂಪ್ಯೂಟರಿನ ಪರದೆಯಲ್ಲಿ ಕಾಲರು ಸರಿಪಡಿಸಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ವಿನಯ ಅವಳ ಗುಣಗಳಲ್ಲಿ ಒಂದಲ್ಲ. ನನ್ನ ಮೈಗೆ ಆ ಕೋಟು ಹಾಕಿದರೆ ಗದ್ದೆಯ ಬೆದರುಬೊಂಬೆಯಾಗುತ್ತೇನೆ. ಒಮ್ಮೆ ಅವಳಿಲ್ಲದಾಗ ಹಾಕಿ ನೋಡಿದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

ನಮ್ಮ ಆಫೀಸು ನಡೆಸುವ ಕಾಂತರಾಜ್ ಒಂದು ದಿನ ಇಬ್ಬರನ್ನೂ ಕರೆದು ಕೂರಿಸಿದರು. ಬೂದಿಕೋಟೆ ರಸ್ತೆಯ ಕೋಲ್ಡ್ ಸ್ಟೋರೇಜ್ ಒಂದರ ಲೆಕ್ಕ ಬಂದಿತ್ತು. ಅಲ್ಲಿ ಇಡುವ ಮಾವಿನ ತಿರುಳನ್ನು ಕೊಳ್ಳುವ ಹೊರದೇಶದವರು ಕಳೆದ ಐದು ವರ್ಷಗಳ ಹೊಗೆಯ ಲೆಕ್ಕ ಕೇಳಿದ್ದರು. “ಮುಂದಿನ ತಿಂಗ್ಳಿಂದ ಇಲ್ಲಿ ಒಂದೇ ಸೀಟು ಕಣ್ರಮ್ಮಾ, ಹೆಡ್ಡಾಫೀಸ್ ಆರ್ಡರು,” ಎಂದರು ಕಾಂತರಾಜ್. “ಇಬ್ರೂ ಒಂದೊಂದು ವರದಿ ಮಾಡಿ. ಬೆಂಗ್ಳೂರಲ್ಲಿ ರೂಪ ಮೇಡಂ ಯಾರ್ದು ಒಪ್ತಾರೋ ಅವ್ರಿಗೆ ಈ ಸೀಟು. ಇನ್ನೊಬ್ರು ಬೆಂಗ್ಳೂರು ಆಫೀಸು, ದಿನಾ ಟ್ರೈನು. ನಂಗೆ ಇಬ್ರೂ ಒಂದೇ, ಆಮೇಲೆ ನನ್ನ ಬೈಬೇಡಿ.”

ದಿನಾ ಟ್ರೈನು ಎಂದೊಡನೆ ನನ್ನ ಕಣ್ಣಿಗೆ ಕಂಡದ್ದು ಮಾಲೂರಿಗೂ ವೈಟ್‌ಫೀಲ್ಡಿಗೂ ನಡುವೆ ಎಲ್ಲೋ ಸಿಗ್ನಲ್ಲಿಗೆ ನಿಂತ ಬೋಗಿ, ಅದರೊಳಗೆ ನಾನು, ಕೈಯಲ್ಲಿ ಫೋನು, ಫೋನಿನೊಳಗೆ ಲಿಖಿತಾಳ ಸಿಳ್ಳೆಯಂಥ ಉಸಿರು. ಆ ಸೀಟು ನನಗೆ ಬೇಕಿತ್ತು; ಬೇಕಿತ್ತು ಎಂಬುದು ಸಣ್ಣ ಮಾತು. ತ್ರಿವೇಣಿಗೂ ಬೇಕಿತ್ತು. ಮನೆಯಲ್ಲಿ ಅವಳಮ್ಮ ಒಬ್ಬರೇ, ಮಗಳು ಬರುವವರೆಗೆ ಊಟ ಮುಟ್ಟುವವರಲ್ಲ. ಆದರೆ ಬೇಕಾದದ್ದನ್ನು ಬೇಕು ಎಂದು ಹೇಳಿ ಕಡಲೆ ತಿನ್ನುತ್ತ ಕೂರುವುದು ಅವಳಿಗೆ ಸಾಧ್ಯ, ನನಗಲ್ಲ.

ಲೆಕ್ಕದಲ್ಲಿ ಡೀಸೆಲ್ ಇತ್ತು, ಕರೆಂಟು ಇತ್ತು. ಕೋಣೆ ತಣ್ಣಗಿಡುವ ಯಂತ್ರದೊಳಗೆ ಓಡಾಡುವ ಗ್ಯಾಸು ಎಷ್ಟು ಸೋರಿತು, ಎಷ್ಟು ಮತ್ತೆ ತುಂಬಿಸಿದಿರಿ ಎಂಬ ಸಾಲು ಮಾತ್ರ ಐದೂ ವರ್ಷ ಖಾಲಿ. ಆ ಗ್ಯಾಸು ಒಂದು ಕಿಲೋ ಸೋರಿದರೂ ಸಾವಿರಾರು ಕಿಲೋ ಹೊಗೆಗೆ ಸಮ. ‘ಸೊನ್ನೆ ಅಂತ ಹಾಕೋಣವೇ’ ಎಂದು ಕಾಂತರಾಜ್ ಮೆಲ್ಲಗೆ ಕೇಳಿದ್ದಕ್ಕೆ ತ್ರಿವೇಣಿ ಕೋಟಿನ ಜೇಬಿನಿಂದ ಕೈ ತೆಗೆದಳು.

“ಸೊನ್ನೆ ಅಂದ್ರೆ ಓಗಿ ನೋಡಿದ್ವಿ, ಏನೂ ಇರ್ಲಿಲ್ಲ ಅಂತ ಸಾರ್. ಇವ್ರು ಓಗೂ ಇಲ್ಲ, ನೋಡೂ ಇಲ್ಲ. ನಾವೇ ಓಗ್ ಬತ್ತೀವಿ ಬಿಡಿ.”

ಹೊರಟ ದಿನ ಅತ್ತೆ ಕಾಮಸಮುದ್ರದ ನೆಂಟರ ಮನೆಗೆ ಹೋಗಿದ್ದರು, ಹಾಗಾಗಿ ಲಿಖಿತಾಳನ್ನೂ ಸೊಂಟದ ಮೇಲೆ ಹೊತ್ತು ಹೋದೆ. ಉಬ್ಬಸದ ಮಗುವನ್ನು ಶೈತ್ಯಾಗಾರಕ್ಕೆ ಕರೆದೊಯ್ದ ಅವಿವೇಕಿ ತಾಯಿ ಎಂದು ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಅಲ್ಲಿ ಬಾಗಿಲು ತೆರೆದಾಗಲೆಲ್ಲ ನುಗ್ಗುತ್ತಿದ್ದ ಚಳಿಗೆ ನಾನು ಸೆರಗು ಸುತ್ತುತ್ತಿರುವಾಗಲೇ ತ್ರಿವೇಣಿ ಕೋಟು ಬಿಚ್ಚಿ, ಮಗುವನ್ನು ಅದರೊಳಗೆ ಸುರುಳಿ ಮಾಡಿ ಎತ್ತಿಕೊಂಡಳು. ಯಾರ ತೋಳಿಗೂ ಹೋಗದ ನನ್ನ ಮಗಳು ಹುರಿಗಡಲೆ ವಾಸನೆಯ ಆ ಉಣ್ಣೆಯೊಳಗೆ ಮೂಗು ತೂರಿಸಿ ನಿದ್ದೆ ಹೋದಳು. ಉಸಿರು ಸರಾಗವಾಗಿತ್ತು. ಅದಕ್ಕೆ ನನಗೆ ಸಂತೋಷವಾಗಬೇಕಿತ್ತು.

ಸೂಪರ್‌ವೈಸರ್ ಆಂಜಿನಪ್ಪ ಕಾಫಿ ತರಿಸಿದ. ಆಂಡರ್ಸನ್‌ಪೇಟೆಯಿಂದ ವರ್ಷಕ್ಕಿಷ್ಟು ಸಲ ಬಂದು ಯಂತ್ರ ನೋಡುವ ಮೆಕ್ಯಾನಿಕ್ ಕುಪ್ಪುಸ್ವಾಮಿಯೂ ಅಂದು ಅಲ್ಲೇ ಇದ್ದ.

“ಗ್ಯಾಸು ಸೋರೋದೇ ಇಲ್ಲ ಮೇಡಂ ನಮ್ದು,” ಎಂದ ಆಂಜಿನಪ್ಪ. “ಮಿಷನ್ನು ಅಂಗೈತೆ.”

“ಸುಮ್ನಿರಪ್ಪಾ ನೀನು,” ಎಂದ ಕುಪ್ಪುಸ್ವಾಮಿ. “ಸೋರ್ದೇ ಇದ್ರೆ ವರ್ಷಾ ವರ್ಷಾ ಸಿಲಿಂಡರ್ ಒತ್ಕೊಂಡು ನಾನ್ಯಾಕೆ ಬತ್ತೀನಿ, ನಿನ್ ಮೊಕ ನೋಡಕ್ಕಾ?”

ಎಷ್ಟು ಸಿಲಿಂಡರು ಎಂದು ನಾನು ಪೆನ್ನು ಹಿಡಿದು ಕೇಳಿದೆ. ಲೆಕ್ಕ ಇಟ್ಟಿಲ್ಲ ಎಂದ ಕುಪ್ಪುಸ್ವಾಮಿ. ಬಿಲ್ಲು ಮಾಲೀಕರ ಮನೆಯಲ್ಲಿ, ಮಾಲೀಕರು ಹೊಸೂರಿನಲ್ಲಿ, ಹಳೆಯ ಬಿಲ್ಲುಗಳು ಎಲ್ಲಿವೆಯೋ ದೇವರಿಗೇ ಗೊತ್ತು. ನಾನು ಪೆನ್ನು ಮುಚ್ಚುವುದರಲ್ಲಿದ್ದೆ. ತ್ರಿವೇಣಿ ಮಗುವನ್ನು ಹೆಗಲ ಮೇಲೆ ತಟ್ಟುತ್ತ ಗೋಡೆಯ ಮುಂದೆ ನಿಂತುಬಿಟ್ಟಿದ್ದಳು. ಗೋಡೆಯಲ್ಲಿ ಆಯುಧಪೂಜೆಯ ಫೋಟೋಗಳಿದ್ದವು, ವರ್ಷಕ್ಕೊಂದರಂತೆ ಕಟ್ಟು ಹಾಕಿಸಿದ್ದು: ಬಾಳೆಕಂದು, ಬೂದುಗುಂಬಳ, ಸಾಲಾಗಿ ನಿಂತ ಕೆಲಸಗಾರರು, ಅವರ ಕಾಲಬಳಿ ಸ್ಪ್ಯಾನರುಗಳು, ತಕ್ಕಡಿ, ಮತ್ತೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮದುಮಕ್ಕಳಂತೆ ಕೂತ ಸಿಲಿಂಡರುಗಳು. ಆ ಗೋಡೆಯನ್ನು ನಾನೂ ನೋಡಿದ್ದೆ. ಕೆಟ್ಟ ಟ್ಯೂಬ್‌ಲೈಟು ಕಂಡಿತ್ತು, ಮಗುವಿನ ತಲೆಯ ಮೇಲೆ ಬೀಳಬಹುದೆಂಬ ಯೋಚನೆ ಬಂದಿತ್ತು.

“ಮಾಮಾ, ಈ ಸಿಲಿಂಡರೆಲ್ಲ ತುಂಬಿರೋದಾ, ಖಾಲಿದಾ?” ಎಂದಳು.

“ಖಾಲಿದಮ್ಮಾ. ವರ್ಷವೆಲ್ಲಾ ಮಿಷನ್‌ಗೆ ಉಸುರು ಕೊಟ್ಟಿರೋವು, ಪೂಜೆ ಮಾಡ್ದೆ ಗುಜರಿಗೆ ಆಕಕ್ಕಾಯ್ತದಾ? ಪಾಪ ಸುತ್ಕೊಳ್ತದೆ. ಆ ವರ್ಷ ಮುಗ್ದಿದ್ದನ್ನೆಲ್ಲಾ ಎತ್ತಿಕ್ಕಿ, ಪೂಜೆ ಆದ್ಮೇಲೇ ನಾನು ಕಳ್ಸೋದು.”

ಅಷ್ಟೇ. ಯಾರೂ ಬರೆದಿಡದ ಲೆಕ್ಕ ಕುಂಕುಮ ಇಟ್ಟುಕೊಂಡು ಗೋಡೆಯ ಮೇಲೆ ಕೂತಿತ್ತು. ಅವಳು ಒಂದೊಂದೇ ಫೋಟೋ ಓದಿ ಹೇಳುತ್ತ ಹೋದಳು, ನಾನು ಬರೆದುಕೊಳ್ಳುತ್ತ ಹೋದೆ. ನನ್ನ ಮಗಳು ಅವಳ ಹೆಗಲ ಮೇಲೆ, ನನ್ನ ಪೆನ್ನು ಅವಳ ಮಾತಿನ ಹಿಂದೆ. ಮೂರನೆಯ ವರ್ಷಕ್ಕೆ ಬಂದು ಅವಳು ನಿಂತಳು. ಅಲ್ಲಿ ಫೋಟೋ ಇರಲಿಲ್ಲ. ಎರಡು ಕಟ್ಟುಗಳ ನಡುವೆ ಬರಿಯ ಮೊಳೆ ಇತ್ತು.

“ಆ ವರ್ಷ ದಸರಾಕ್ಕೆ ಮಾಲೀಕ್ರ ತಂದೆ ಓಗ್ಬಿಟ್ರು,” ಎಂದ ಆಂಜಿನಪ್ಪ. “ಸೂತಕ. ಪೂಜೆ ಇಲ್ಲ, ಫೋಟೋನೂ ಇಲ್ಲ. ಸಿಲಿಂಡರು ಯಾವಾಗ ಯಾರು ತಕ್ಕೊಂಡೋದ್ರೋ.”

“ಮತ್ತೆ ಮೊಳೆ ಯಾಕಣ್ಣಾ ಒಡ್ದಿದ್ದು?”

“ಅದೂ ಒಂದು ವರ್ಷಾನೇ ಅಲ್ವೇನಮ್ಮಾ. ಅದ್ರ ಜಾಗ ಅದಕ್ಕಿರ್ಲಿ ಅಂತ.”

ತ್ರಿವೇಣಿ ನಕ್ಕಳು. ಒಳಗಿನಿಂದ ಬಂದ, ತನ್ನವರನ್ನು ಗುರುತು ಹಿಡಿದವರ ನಗು. ಕುಪ್ಪುಸ್ವಾಮಿ ಕೈ ಆಡಿಸಿ, “ಮೂರೋ ನಾಲ್ಕೋ ಇರ್ಬೋದು, ಬರ್ಕೊಳಮ್ಮಾ, ಯಾರು ಕೇಳ್ತಾರೆ,” ಎಂದ. “ಇರ್ಬೋದುನ ಬರೆಯಕ್ಕಾಗಲ್ಲ ಮಾಮಾ,” ಎಂದು ಅವಳು ಆ ಒಂದು ವರ್ಷವನ್ನು ಹಾಗೆಯೇ ಬಿಟ್ಟಳು.

ವಾಪಸು ಬರುವಾಗ ಮಗು ಕೋಟು ಬಿಡಲೊಪ್ಪದ್ದರಿಂದ ಚಾಂಪಿಯನ್ ರೀಫ್ಸ್‌ನ ಅವಳ ಮನೆಯವರೆಗೂ ಹೋಗಬೇಕಾಯಿತು. ಅವಳಮ್ಮ ಕನಕಮ್ಮ ಮಗುವಿಗೆ ಬಿಸಿನೀರು ಕೊಟ್ಟರು, ನನಗೆ ತಟ್ಟೆ ತುಂಬ ಮುರುಕು ಇಟ್ಟರು. ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ ಇತ್ತು. ಯಜಮಾನರು ಕೆಲಸಕ್ಕೆ ಹೋಗಿದ್ದಾರೇನಮ್ಮಾ ಎಂದು, ಸುಮ್ಮನೆ ಮಾತಿಗೆ, ಕೇಳಿದೆ.

“ಗಣಿ ಮುಚ್ದಾಗ ಕೆಲ್ಸ ಉಡುಕ್ಕೊಂಡು ಓದ್ರು. ತ್ರಿವೇಣಿ ಆಗ ಅಂಬೆಗಾಲು,” ಎಂದರು ಕನಕಮ್ಮ. “ಓದೋರು ಬರ್ಲಿಲ್ಲ.”

“ಈಗ ಎಲ್ಲಿ?”

“ಗೊತ್ತಿಲ್ಲಮ್ಮಾ.”

ಅದೇ ದನಿ. ಎಲೆಗೆ ಉಪ್ಪು ಬಡಿಸುವ ಅದೇ ಸಹಜತೆ. ವೆಲ್ಲೂರಿನಲ್ಲಿ ಇನ್ನೊಂದು ಸಂಸಾರವಿದೆ ಎಂದು ಲೈನಿನವರು ಕೆಲವರು ಹೇಳುತ್ತಾರಂತೆ, ಎಂದೋ ತೀರಿಕೊಂಡರು, ಬಳೆ ತೆಗೆದುಬಿಡು ಎಂದು ಮತ್ತೆ ಕೆಲವರು. ಕನಕಮ್ಮ ಎರಡನ್ನೂ ಒಪ್ಪಿಲ್ಲ. ತ್ರಿವೇಣಿ ಕೋಟನ್ನು ಮೆಲ್ಲಗೆ ಮಗುವಿನ ಹಿಡಿಯಿಂದ ಬಿಡಿಸಿಕೊಳ್ಳುತ್ತ, “ಬಂದ್ರೆ ಕೊಡ್ತೀನಿ ಅಕ್ಕಾ. ಅಲ್ಲೀಗಂಟ ನುಸಿ ತಿನ್ದೇ ಇರ್ಲಿ ಅಂತ ಆಕ್ಕೊಳ್ತೀನಿ,” ಎಂದಳು. ಇದರಿಂದಲೇ ಅವಳಿಗೆ ಆ ‘ಗೊತ್ತಿಲ್ಲ’ ಬಂತು ಎಂದು ಬರೆದು ವಾಕ್ಯಕ್ಕೊಂದು ಪೂರ್ಣವಿರಾಮ ಇಟ್ಟುಬಿಡಲು ನನ್ನ ಕೈ ಈಗಲೂ ತವಕಿಸುತ್ತದೆ. ಹೌದೇ ಎಂದು ಅವಳನ್ನು ಕೇಳಿದರೆ ಅದಕ್ಕೂ ಗೊತ್ತಿಲ್ಲ ಎಂದಾಳು. ನನಗಂತೂ ಅಂದು ಮರುಕದ ಜೊತೆಗೇ ಇನ್ನೊಂದು ಭಾವ ಬಂತು. ನನ್ನ ಅಪ್ಪ ಇದ್ದಾನೆ, ಗಂಡ ಇದ್ದಾನೆ, ಮಗಳು ಕಣ್ಣೆದುರಿಗೇ ಇದ್ದಾಳೆ. ಆದರೂ ನಾನು ಮಂಚದ ಅಂಚಿನಲ್ಲಿ ಕೂತು ನಡುಗುತ್ತೇನೆ. ಈ ತಾಯಿ ಮಗಳು ಪೊಳ್ಳು ನೆಲದ ಮೇಲೆ ಚಾಪೆ ಹಾಸಿ ಕಾಲು ಚಾಚಿ ಮಲಗುತ್ತಾರೆ.

ವರದಿಯಲ್ಲಿ ಆ ಮೂರನೆಯ ವರ್ಷಕ್ಕೆ ನಾನು ಉಳಿದ ನಾಲ್ಕು ವರ್ಷಗಳ ಸರಾಸರಿ ಹಾಕಿ, ಪಕ್ಕದಲ್ಲಿ ‘ಅಂದಾಜು’ ಎಂದು ಬರೆದೆ. ಇದು ಎಲ್ಲರೂ ಮಾಡುವ ಕ್ರಮ, ನಿಯಮಕ್ಕೂ ಸರಿ. ತ್ರಿವೇಣಿ ಜಾಗ ಖಾಲಿ ಬಿಟ್ಟು, ‘ಸೂತಕದಿಂದ ಪೂಜೆ ನಡೆದಿಲ್ಲ, ಮಾಹಿತಿ ಇಲ್ಲ’ ಎಂದು ಬರೆದಳು. ವಿಡಿಯೋ ಕರೆಯಲ್ಲಿ ರೂಪ ಮೇಡಂ ಎರಡನ್ನೂ ತೆರೆದು ನೋಡಿದರು. ಫೋಟೋದಿಂದ ಲೆಕ್ಕ ಹಿಡಿದದ್ದನ್ನು ಬಾಯಿ ತುಂಬ ಹೊಗಳಿದರು. ಹೊಗಳಿಕೆ ಪರದೆಯಿಂದ ಹೊರಟು ನನ್ನನ್ನು ದಾಟಿ ಪಕ್ಕದ ಕುರ್ಚಿಗೆ ಹೋಯಿತು.

“ಆದರೆ ತ್ರಿವೇಣಿ, ಈ ಒಂದು ವರ್ಷ ಎಷ್ಟು?”

“ಗೊತ್ತಿಲ್ಲ ಮೇಡಂ.”

“ಒಂದು ಅಂದಾಜಾದರೂ?”

“ಅಂದಾಜು ಮಾಡ್ಬೋದು ಮೇಡಂ. ಗೊತ್ತಿಲ್ಲ ಅಷ್ಟೆ.”

ಕಾಂತರಾಜ್ ಮೇಜಿನ ಕೆಳಗೆ ಕಾಲು ಕುಣಿಸುತ್ತಿದ್ದರು. ಖಾಲಿ ಇದ್ದರೆ ತಮ್ಮ ಸಾಫ್ಟ್‌ವೇರು ಕೆಂಪು ತೋರಿಸಿ ಅಲ್ಲೇ ನಿಲ್ಲುತ್ತದೆ, ಕೊಳ್ಳುವವರಿಗೆ ಕಳಿಸಲಾಗುವುದಿಲ್ಲ ಎಂದು ರೂಪ ಮೇಡಂ ತಾಳ್ಮೆಯಿಂದ ವಿವರಿಸಿದರು. ತ್ರಿವೇಣಿ ಅಷ್ಟೇ ತಾಳ್ಮೆಯಿಂದ ಕೇಳಿಸಿಕೊಂಡಳು. ಒಂದು ಅಂಕಿ, ಯಾವುದಾದರೂ ಒಂದು ಅಂಕಿ ಹೇಳಿದ್ದರೆ ಸೀಟು ಅವಳದಾಗುತ್ತಿತ್ತು ಎಂಬುದು ಆ ಕೋಣೆಯಲ್ಲಿ ಅವಳಿಗೂ ತಿಳಿದಿತ್ತು. ನಾನು ಮನಸ್ಸಿನಲ್ಲೇ ಅವಳ ಬಾಯಿ ಮುಚ್ಚಿಯೇ ಇರಲೆಂದು ಬೇಡಿಕೊಂಡೆ. ಮುಚ್ಚಿಯೇ ಇತ್ತು. ಸೀಟು ನನಗೆ ಬಂತು.

ಅವಳು ಮೇಜು ಖಾಲಿ ಮಾಡುವಾಗ ನಾನು ಏನೋ ಹೇಳಹೊರಟೆ. “ನಿಮ್ದೇನು ತಪ್ಪಿಲ್ಲ ಬಿಡಿ ಅಕ್ಕಾ, ಅಂದಾಜು ಅಂತ ಬರ್ದಿದ್ದೀರಲ್ಲ,” ಎಂದಳು. “ನಂಗೆ ಕೈ ಬರಲ್ಲ ಅಷ್ಟೆ. ಮಗೀಗೆ ಕಡ್ಲೆ ಕೊಡ್ಬೇಡಿ, ಗಂಟ್ಲಿಗೆ ಸಿಕ್ಕಾಕ್ಕೊಳ್ತದೆ.” ಸೋತವಳು ಗೆದ್ದವಳಿಗೆ ಸಮಾಧಾನ ಹೇಳಿ ಹೋದಳು, ಇದಕ್ಕಿಂತ ಅವಳು ಜಗಳ ಕಾದಿದ್ದರೆ ನಾನು ಋಣಿಯಾಗಿರುತ್ತಿದ್ದೆ.

ಈಗ ಅವಳು ಚಾಂಪಿಯನ್ ಸ್ಟೇಷನ್ನಿನಲ್ಲಿ ಹತ್ತುತ್ತಾಳೆ. ಮಾರಿಕುಪ್ಪಂನಿಂದ ಬರುವ ಬೆಳಗಿನ ಗಾಡಿ ಬಂಗಾರಪೇಟೆಯಲ್ಲಿ ನಿಂತಾಗ ಎಷ್ಟೋ ಸಲ ಬಾಗಿಲಲ್ಲಿ ಬೂದು ಕೋಟು ಕಾಣುತ್ತದೆ. ಸುತ್ತ ನಾಲ್ಕು ಜನ ಹೆಂಗಸರು, ನಗು, ತಮಿಳು, ತೆಲುಗು, ಕನ್ನಡ, ಯಾರದೋ ಡಬ್ಬಿಯ ಪುಳಿಯೋಗರೆ. ಲಿಖಿತಾ ಪ್ಲಾಟ್‌ಫಾರಮಿನ ಆಚೆಯಿಂದ ಕೈ ಬೀಸುತ್ತಾಳೆ. ಬೀಸುವುದು ನನ್ನ ಕಂಕುಳಲ್ಲಿ ಕೂತೇ.

ಮೊನ್ನೆ ಅವಳ ಫೋನು ಬಂತು. ಕೋಲ್ಡ್ ಸ್ಟೋರೇಜಿನವರ ಹೊಸ ವರದಿ ಬೆಂಗಳೂರಿನಲ್ಲಿ ಅವಳ ಮೇಜಿಗೆ ಹೋಗಿತ್ತು. ಅದರ ಮೊದಲ ಪುಟದಲ್ಲಿ, ಹಸಿರು ಎಲೆಯ ಚಿತ್ರದ ಪಕ್ಕ, ಆ ಮೂರನೆಯ ವರ್ಷಕ್ಕೆ ಹೋಲಿಸಿದರೆ ತಮ್ಮ ಗ್ಯಾಸಿನ ಸೋರಿಕೆ ಗಣನೀಯವಾಗಿ ತಗ್ಗಿದೆ ಎಂದು ದೊಡ್ಡಕ್ಷರಗಳಲ್ಲಿ ಅಚ್ಚಾಗಿತ್ತು. ನನ್ನ ಸರಾಸರಿಯ ಅಂಕಿ ಅಲ್ಲೇ ಇತ್ತು, ದಪ್ಪಗೆ, ಗಂಭೀರವಾಗಿ, ಕಣ್ಣಾರೆ ಕಂಡದ್ದರಂತೆ. ಒಂದು ಕಡತದಿಂದ ಇನ್ನೊಂದಕ್ಕೆ ಹೋಗುವಾಗ ಪಕ್ಕದ ಪದ ಉದುರಿಹೋಗಿತ್ತು.

“ಅಕ್ಕಾ, ಅಂದಾಜು ಅನ್ನೋದು ಎಲ್ಲೋಯ್ತು?” ಎಂದಳು ತ್ರಿವೇಣಿ.

“ಗೊತ್ತಿಲ್ಲ,” ಎಂದೆ.

ನಿಜವನ್ನೇ ಹೇಳಿದ್ದೆ. ಆದರೂ ನನ್ನ ಬಾಯಿಂದ ಅದು ಸಿಕ್ಕಿಬಿದ್ದವರ ಮಾತಿನಂತೆ ಬಂತು. ಹಿಂದೆಯೇ ಸಾಫ್ಟ್‌ವೇರು, ನಕಲು ಮಾಡಿದವರು, ಮಗುವಿನ ಜ್ವರ ಎಲ್ಲವೂ ಸಾಲುಗಟ್ಟಿ ಬಂದವು. ಅವಳು ಎಲ್ಲವನ್ನೂ ಕೇಳಿಸಿಕೊಂಡು, “ಸರಿ ಅಕ್ಕಾ, ಇಲ್ಲಿ ಇವ್ರನ್ನ ಕೇಳ್ತೀನಿ, ವಾಪಸ್ ಆಕ್ಸೋಣ,” ಎಂದಳು. ಹಿಂದೆ ಗಾಡಿಯ ಸದ್ದು. ಯಾರೋ ಅವಳ ಹೆಸರು ಕೂಗಿ ಸೀಟು ಹಿಡಿದಿದ್ದೇನೆ ಬಾ ಎನ್ನುತ್ತಿದ್ದರು.

ಲೋಕದಲ್ಲಿ ತುಂಬುವವರೇ ಹೆಚ್ಚು. ನಾವು ದುಷ್ಟರಲ್ಲ, ಅಂಜುಬುರುಕರು. ತೆರವು ಕಂಡಲ್ಲೆಲ್ಲ ಕೈಗೆ ಸಿಕ್ಕ ಮಣ್ಣು ಸುರಿದು, ಸಮ ಮಾಡಿ, ಮೇಲೆ ನಿಂತು ನಿಟ್ಟುಸಿರು ಬಿಡುತ್ತೇವೆ, ಆಮೇಲೆ ಬಂದವರು ಅದನ್ನೇ ಗಟ್ಟಿ ನೆಲವೆಂದು ನಂಬಿ ಮನೆ ಕಟ್ಟುತ್ತಾರೆ. ಇಲ್ಲದ್ದಕ್ಕೂ ಒಂದು ಮೊಳೆ ಹೊಡೆದು ಅದರ ಜಾಗ ಕಾಯುವವರು ಎಲ್ಲೋ ಕೆಲವರು. ಅಂಥವರನ್ನು ದೂರದಿಂದ ಮೆಚ್ಚುವುದು ಸುಲಭ, ಪಕ್ಕದ ಮೇಜಿನಲ್ಲಿ ಸಹಿಸುವುದು ಕಷ್ಟ. ಅವರು ನಮ್ಮಿಂದ ಕಸಿದುಕೊಳ್ಳುವುದು ಏನೂ ಇಲ್ಲ, ಕೇಳಿದ ಸೀಟನ್ನೂ ಬಿಟ್ಟುಕೊಟ್ಟು ಹೋಗುತ್ತಾರೆ, ನಾವು ಆ ಸೀಟಿನಲ್ಲಿ ಕೂತು ಅವರು ಹೋದ ಗಾಡಿಯ ಕಡೆಗೇ ನೋಡುತ್ತಿರುತ್ತೇವೆ.